ನಡುಮನೆಯ ಸಮುದ್ರಕ್ಕೆ ಪಾಚಿ ಹಿಡಿದದ್ದು

"ನೋಡ್ತಾ ಇರು, ಈ ಮಧುಗಿರಿಗೆ ಸಮುದ್ರ ತರ್ತೀನಿ!"

ಹೀಗೆಂದು ನಾನು ನನ್ನ ಹೆಂಡತಿ ರಾಧಾಮಣಿಯ ಮುಂದೆ ಎದೆ ತಟ್ಟಿಕೊಂಡದ್ದು ಬೇಸಿಗೆಯ ಒಂದು ಬೆಳಿಗ್ಗೆ. ಆಕೆ ಆಗ ಖಾಲಿ ಕೊಡ ಹಿಡಿದು ನಲ್ಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ನಲ್ಲಿ ಮುದುಕರಂತೆ ಕೆಮ್ಮುತ್ತಿತ್ತೇ ಹೊರತು ನೀರು ಬಿಡುತ್ತಿರಲಿಲ್ಲ.

"ಮೊದ್ಲು ಒಂದು ಕೊಡ ಸಿಹಿನೀರು ತನ್ರಿ. ಉಪ್ಪುನೀರಿನ ವಿಷಯ ಆಮೇಲೆ ನೋಡೋಣ," ಅಂದಳು.

ಭಗೀರಥನಿಗೂ ಅವನ ಹೆಂಡತಿ ಹೀಗೇ ಅಂದಿರಬೇಕು. ಆತ ಕೇಳಿದನೇ? ನಾನೂ ಕೇಳಲಿಲ್ಲ. ನಾನು ರೇಣುಕಪ್ರಸಾದ್, ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು. ಜಗತ್ತಿನಲ್ಲಿ ನನಗೆ ತಿಳಿಯದ್ದು ಇದೆ ಎಂಬುದೇ ನನಗೆ ತಿಳಿಯದ ಕಾಲ ಅದು. ಮಿಕ್ಕವರ ಮನೆಯ ಗಾಜಿನ ತೊಟ್ಟಿಗಳಲ್ಲಿ ಬಡಪಾಯಿ ಗೋಲ್ಡ್‌ಫಿಷ್‌ಗಳು ಸುತ್ತು ಹೊಡೆಯುತ್ತಿದ್ದರೆ, ನಮ್ಮ ನಡುಮನೆಯಲ್ಲಿ ರೀಫ್ ಟ್ಯಾಂಕು ಇರಬೇಕು ಎಂಬುದು ನನ್ನ ಪಣ. ರೀಫ್ ಟ್ಯಾಂಕು ಎಂದರೆ ಸಾಮಾನ್ಯವಲ್ಲ ಸ್ವಾಮಿ! ಕಡಲ ತಳದ ಹವಳದ ತೋಟವನ್ನೇ ಎತ್ತಿ ತಂದು ಗಾಜಿನ ಪೆಟ್ಟಿಗೆಯೊಳಗೆ ಸಂಸಾರ ಹೂಡಿಸುವುದು!

ತೊಟ್ಟಿ ಬೆಂಗಳೂರಿನಿಂದ ಬಂತು. ಅದರ ಹಿಂದೆಯೇ ಕಲ್ಲು ಬಂತು, ಮರಳು ಬಂತು, ಅಲೆ ಎಬ್ಬಿಸುವ ಪಂಪು ಬಂತು, ನೀಲಿ ದೀಪ ಬಂತು, ಕೊನೆಗೆ ನೀರನ್ನು ತಣ್ಣಗಿಡುವ ಚಿಲ್ಲರ್ ಎಂಬ ಯಂತ್ರವೂ ಬಂತು. ಕುಡಿಯುವ ನೀರಿನ ಘಟಕದಿಂದ ನಾನೇ ಕ್ಯಾನು ಹೊತ್ತು ತಂದು, ಪೊಟ್ಟಣದ ಸಮುದ್ರದುಪ್ಪನ್ನು ಕಲಸಿ, ಮಹಡಿಯ ಮೇಲಿನ ಡ್ರಮ್ಮಿನಲ್ಲಿ ಬಂಗಾಳಕೊಲ್ಲಿಯನ್ನು ತಯಾರಿಸಿದೆ. ಕರೆಂಟು ಹೋದಾಗ ಇನ್ವರ್ಟರು ಮೀನಿಗೆ, ಬೀಸಣಿಗೆ ನಮಗೆ ಎಂಬ ಕಾನೂನು ಜಾರಿಯಾಯಿತು.

"ಇನ್ನೊಂದು ಜನ್ಮ ಅಂತಿದ್ರೆ ಈ ಮನೇಲಿ ಮೀನಾಗೇ ಹುಟ್ಟಬೇಕು," ಎಂದು ರಾಧಾಮಣಿ ಬೆವರು ಒರೆಸಿಕೊಂಡಳು. ಆಕೆ ಆಸ್ಪತ್ರೆಯಲ್ಲಿ ನರ್ಸು. ಹಗಲೆಲ್ಲ ರೋಗಿಗಳನ್ನು ನೋಡಿ ಮನೆಗೆ ಬಂದರೆ ಇಲ್ಲಿ ನಾನು.

ಆದರೂ ತೊಟ್ಟಿ ಚೆಂದವಾಯಿತು; ಅದನ್ನು ಆಕೆಯೂ ಒಪ್ಪಿದಳು. ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟೆಯ ಎರಡು ಮೀನು, ಒಂದು ನೀಲಿ ಮೀನು, ತೊಟ್ಟಿಯಲ್ಲೇ ಬೆಳೆಸಿದ ಮೆತ್ತನೆ ಜಾತಿಯ ಹವಳ. ಹವಳಗಳಲ್ಲಿ ಒಂದರ ಹೆಸರು ಝೀನಿಯಾ. ಅದರ ಮೈತುಂಬ ಪುಟ್ಟ ಪುಟ್ಟ ಕೈಗಳು. ಒಂದೊಂದು ಕೈಯೂ ಮುಷ್ಟಿ ಬಿಚ್ಚುತ್ತದೆ, ಮುಚ್ಚುತ್ತದೆ, ಮತ್ತೆ ಬಿಚ್ಚುತ್ತದೆ. ನೋಡುತ್ತ ಕೂತರೆ ಹಾಲು ಉಕ್ಕಿದ್ದೂ ತಿಳಿಯುವುದಿಲ್ಲ. ಉಕ್ಕಿದೆ, ಹಲವು ಸಲ.

ಆ ಹೊತ್ತಿಗೆ ನಮ್ಮ ಅತ್ತೆ ರಾಜಲಕ್ಷ್ಮಮ್ಮ ಮೊಣಕಾಲು ನೋವಿಗೆ ಔಷಧಿ ಮಾಡಿಸಿಕೊಳ್ಳಲು ಮಗಳ ಮನೆಗೆ ಬಂದರು. ಅವರದು ಪಾವಗಡ ತಾಲ್ಲೂಕಿನ ವಳ್ಳೂರು. ಆ ಕಡೆಯವರಿಗೆ ಆಂಧ್ರದ ಗಡಿ ಹಾದುಹೋಗುವುದು ನಾಲಗೆಯ ಮೇಲೆ. ಒಂದು ವಾಕ್ಯ ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಇಳಿಯುತ್ತದೆ. ಅತ್ತೆ ಜನ್ಮದಲ್ಲಿ ಸಮುದ್ರ ಕಂಡವರಲ್ಲ. ಕುರ್ಚಿಯನ್ನು ತೊಟ್ಟಿಯ ಮುಂದಕ್ಕೆ ಎಳೆದುಕೊಂಡು ಕೂತವರು ಊಟಕ್ಕೂ ಏಳಲಿಲ್ಲ.

"ಅಳಿಯಂದ್ರೇ, ಇದೇನು ಹೂವು?"

"ಹೂವಲ್ಲ ಅತ್ತೆ, ಹವಳ."

ಅತ್ತೆ ತಟ್ಟನೆ ತಮ್ಮ ತಾಳಿಸರ ಹಿಡಿದುಕೊಂಡರು. ಕರಿಮಣಿಯ ನಡುವೆ ಎರಡು ಕೆಂಪು ಹವಳಗಳಿದ್ದವು.

"ಇದೇನಾ? ಇದಕ್ಕೆ ಜೀವ ಐತಾ?"

"ಒಂದು ಕಾಲಕ್ಕೆ ಇತ್ತು ಅತ್ತೆ."

"ಅಯ್ಯೋ ದೇವುಡಾ! ಮದುವೆ ಆದಾಗ್ಲಿಂದ ಕೊರಳಾಗೆ ಹಾಕ್ಕಂಡಿವ್ನಿ, ಒಂದ್ ದಿನಾನೂ ಬಾಯಿ ಬಿಡ್ಲಿಲ್ಲವಲ್ಲ!"

ಝೀನಿಯಾ ಎಂಬ ಹೆಸರು ಅವರ ಬಾಯಲ್ಲಿ ಜೇನಮ್ಮ ಆಯಿತು. "ನೋಡೇ ರಾಧಾ, ಜೇನಮ್ಮ ನನ್ನ ರಮ್ಮಂಟಾಂದಿ! ಬಾ ಬಾ ಅಂತ ಕೈ ಆಡಿಸ್ತಾವ್ಳೆ ಕಣಮ್ಮ!" ಎಂದು ಮಗಳನ್ನು ಕೂಗುವರು. ಬೆಳಿಗ್ಗೆ ಎದ್ದರೆ ಮೊದಲ ಮಾತು ಜೇನಮ್ಮನ ಜೊತೆ. ಮೊಣಕಾಲಿನ ನೋವು, ಊರಿನ ಸುದ್ದಿ, ಮಾವನವರ ಮೇಲಿನ ದೂರು ಎಲ್ಲವನ್ನೂ ಜೇನಮ್ಮ ಕೇಳಿಸಿಕೊಳ್ಳುವಳು, ಕೈ ಆಡಿಸುತ್ತ. ನಾನು ಸಮುದ್ರರಾಜನ ಗತ್ತಿನಲ್ಲಿ ಹಿಂದೆ ನಿಂತು ಮೀಸೆ ತಿರುವುವೆನು.

ಅಷ್ಟರಲ್ಲಿ ಬಂತು ಪಾಚಿ!

ಮೊದಲು ಕಲ್ಲಿನ ಮೇಲೆ ಎಳೆ ಗಡ್ಡದಂತೆ ಚಿಗುರಿತು. ಹರೆಯ ಬಂದಿದೆ ಅಂದುಕೊಂಡೆ. ಆಮೇಲೆ ಅದು ಋಷಿಯ ಗಡ್ಡವಾಯಿತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದೆ. ಅದು ಹಳೆಯದಲ್ಲ, ತನ್ನದು, ಹೊಸದು ಎಂದು ರಾಧಾಮಣಿ ಮರುದಿನ ಬೆಳಿಗ್ಗೆ ಬಾಯಲ್ಲಿಟ್ಟುಕೊಂಡ ಮೇಲೆ ತಿಳಿಸಿದಳು. ತಿಳಿಸಿದ ಬಗೆಯನ್ನು ಇಲ್ಲಿ ಬರೆಯಲಾರೆ.

ನಮ್ಮ ಶಾಲೆಯ ಕನ್ನಡ ಮೇಷ್ಟ್ರು ಮಲ್ಲಿಕಾರ್ಜುನಯ್ಯನವರನ್ನು ಸಮುದ್ರ ತೋರಿಸಲು ಕರೆದಿದ್ದೆ. ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಸಮುದ್ರ ನೋಡೋಕೆ ಬನ್ನಿ ಅಂದ್ರಿ. ಇದು ಮೇವು ಕಣ್ರೀ ಮೇಷ್ಟ್ರೇ! ಎರಡು ಕುರಿ ಕಟ್ಟಿ, ಹಬ್ಬಕ್ಕಾಗುತ್ತೆ!"

ನನ್ನ ಮೀಸೆ ಇಳಿಯಿತು. ಪರೀಕ್ಷೆಯ ಪೆಟ್ಟಿಗೆ ತರಿಸಿದೆ. ಚಿಕ್ಕ ಶೀಶೆಯಲ್ಲಿ ತೊಟ್ಟಿಯ ನೀರು ಹಾಕಿ, ಪುಡಿ ಬೆರೆಸಿ ಅಲ್ಲಾಡಿಸಿದರೆ ನೀಲಿ ಬಣ್ಣ ಬರುತ್ತದೆ. ನೀಲಿ ಎಷ್ಟು ಗಾಢವೋ ನೀರಿನಲ್ಲಿ ಫಾಸ್ಫೇಟ್ ಅಷ್ಟು. ಹವಳಕ್ಕೆ ಅದು ಚಿಟಿಕೆಯಷ್ಟು ಸಾಕು. ಹೆಚ್ಚಾಯಿತೋ ಅದು ಪಾಚಿಗೆ ಬಾಡೂಟ. ತೆಳು ಆಕಾಶದ ಬಣ್ಣ ಕಾಣಬೇಕಾದ ಶೀಶೆಯಲ್ಲಿ ಶಾಯಿ ಕಂಡಿತು!

"ಫಾಸ್ಫೇಟ್! ಫಾಸ್ಫೇಟ್!" ಎಂದು ಕೂಗಿದೆ.

"ಪಾಸ್‌ಪೇಟೆನಾ? ಅದ್ಯಾವ ಪೇಟೆ ಅಳಿಯಂದ್ರೇ? ಹಿಂದೂಪುರದ ಕಡೇದಾ?" ಎಂದರು ಅತ್ತೆ.

ಬೆಂಗಳೂರಿನ ಅಂಗಡಿಯವನಿಗೆ ಫೋನು ಮಾಡಿದೆ. "ಸಾರ್, ಮೀನಿಗೆ ಊಟ ಜಾಸ್ತಿ ಬೀಳ್ತಿರಬೇಕು. ತಿನ್ನದೆ ಉಳಿದದ್ದು ಕೊಳೆತು ಫಾಸ್ಫೇಟ್ ಆಗುತ್ತೆ. ಮನೇಲಿ ಬೇರೆ ಯಾರಾದ್ರೂ ಹಾಕ್ತಿದಾರಾ ನೋಡಿ," ಅಂದ.

ನೋಡಿದೆ. ಪತ್ತೇದಾರನಂತೆ ಬಾಗಿಲ ಸಂದಿಯಿಂದ, ಪತ್ರಿಕೆಯ ಮರೆಯಿಂದ, ಕನ್ನಡಿಯ ಮೂಲಕ ನೋಡಿದೆ. ತೊಟ್ಟಿಯ ಮುಂದೆ ಸದಾ ಕೂತಿರುವವರು ಯಾರು? ಅತ್ತೆ. ಅವರ ಮಡಿಲಲ್ಲಿ ಸದಾ ಇರುವುದೇನು? ಕಡ್ಲೆಪುರಿ! ಒಂದು ಸಂಜೆ ಶಾಲೆಯಿಂದ ಬಂದು ಮುಚ್ಚಳ ತೆಗೆದರೆ ನೀರಿನ ಮೇಲೆ ಪುರಿಯ ಒಂದು ಕಾಳು ದೋಣಿಯಂತೆ ತೇಲುತ್ತಿದೆ. ಸಿಕ್ಕಿತಲ್ಲ ಸಾಕ್ಷಿ!

"ಅತ್ತೆ, ಇದೇನು?"

"ಪುರಿ."

"ಇಲ್ಲಿಗೆ ಹೆಂಗೆ ಬಂತು?"

ಅತ್ತೆ ಸೆರಗು ಸರಿಮಾಡಿಕೊಂಡರು. "ಬಿದ್ದಿರಬೈದು ನಾಯ್ನಾ..."

"ಹೆಂಗೆ ಬೀಳುತ್ತೆ? ಮುಚ್ಚಳ ಇದೆಯಲ್ಲ!"

ಆಮೇಲೆ ನಾನು ಆಡಿದ್ದು ಮೇಷ್ಟ್ರ ದನಿಯಲ್ಲಿ, ಹಿಂದಿನ ಬೆಂಚಿಗೂ ಕೇಳುವ ಹಾಗೆ. ಕಷ್ಟಪಟ್ಟು ಕಟ್ಟಿದ ಸಮುದ್ರ ನಿಮ್ಮಿಂದ ಹಾಳಾಯಿತು ಅಂದೆ. ಈ ಪಾಚಿಗೆಲ್ಲ ನೀವೇ ಕಾರಣ ಅಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ತಿಳೀದಿದ್ರೆ ಮುಟ್ಟಬಾರದು ಅತ್ತೆ. ಇದೇನು ಸಿಕ್ಕಿದ್ದೆಲ್ಲ ಸುರಿಯೋಕೆ ದನದ ಕೊಟ್ಟಿಗೆ ಅಂದ್ಕೊಂಡ್ರಾ?" ಅಂದೆ.

ಅತ್ತೆ ಮಡಿಲಿನ ಪುರಿಯನ್ನೆಲ್ಲ ಒಂದು ಕಾಳೂ ಬೀಳದಂತೆ ಪೊಟ್ಟಣಕ್ಕೆ ತುಂಬಿ, ಬಾಯಿ ಮಡಿಚಿದರು.

"ಆಯ್ತು ಬುಡಪ್ಪ," ಅಂದರು.

ಅಳಿಯಂದ್ರೇ ಹೋಗಿ ಅಪ್ಪ ಆಯಿತು. ಆಗಲಾದರೂ ನನಗೆ ತಿಳಿಯಬೇಕಿತ್ತು.

ಮರುದಿನ ಮೊಣಕಾಲು ಹಿಡಿದುಕೊಂಡೇ ಪಾವಗಡದ ಬಸ್ಸು ಹತ್ತಿದರು. ಔಷಧಿ ಇನ್ನೂ ಮುಗಿದಿರಲಿಲ್ಲ. ಹೊರಡುವ ಮುಂಚೆ ತೊಟ್ಟಿಯ ಮುಂದೆ ನಿಂತರು, ಆದರೆ ಕುರ್ಚಿಯಲ್ಲಿ ಕೂರಲಿಲ್ಲ, ಗಾಜನ್ನೂ ಮುಟ್ಟಲಿಲ್ಲ. ಜೇನಮ್ಮ ಒಳಗಿನಿಂದ ಕೈ ಆಡಿಸುತ್ತಲೇ ಇದ್ದಳು.

ಅಂದಿನಿಂದ ರಾಧಾಮಣಿ ನನ್ನೊಡನೆ ಮಾತು ಬಿಟ್ಟಳು. ಏನಾದರೂ ಹೇಳುವುದಿದ್ದರೆ ಮೀನಿಗೆ ಹೇಳುವಳು.

"ನೋಡಪ್ಪ, ಉಪ್ಪಿಟ್ಟು ಮೇಜಿನ ಮೇಲಿದೆ ಅಂತ ನಿಮ್ಮ ಯಜಮಾನ್ರಿಗೆ ಹೇಳು."

"ಇನ್ನೊಂಚೂರು ಚಟ್ನಿ ಬೇಕಿತ್ತು ಅಂತ ಹೇಳಪ್ಪ," ಅಂತ ನಾನೂ ಮೀನಿಗೇ ಹೇಳಿದೆ.

"ಚಟ್ನಿ ಬೇಕಿದ್ರೆ ಪಾಚಿ ರುಬ್ಕೊಳ್ಳೋಕೆ ಹೇಳು."

ಮೀನು ಬಾಯಿ ತೆರೆದು ಮುಚ್ಚಿತು. ನಮ್ಮಿಬ್ಬರ ನಡುವೆ ಸಿಕ್ಕಿಕೊಂಡ ಯಾರೇ ಆದರೂ ಅಷ್ಟೇ ಮಾಡಬಲ್ಲರು.

ಅತ್ತೆ ಹೋದ ಮೇಲೆ ಪಾಚಿ ಸಾಯಬೇಕಿತ್ತಲ್ಲ? ಸಾಯಲಿಲ್ಲ! ಮೀನಿಗೆ ಅರೆಹೊಟ್ಟೆ ಮಾಡಿದೆ. ನೀರನ್ನು ಇನ್ನೂ ಹೆಚ್ಚಾಗಿ ಬದಲಿಸತೊಡಗಿದೆ. ಭಾನುವಾರ ಮಹಡಿಗೆ ಹೋಗಿ ನನ್ನ ಗುಲಾಬಿ ಗಿಡಗಳಿಗೆ ಗೊಬ್ಬರದ ನೀರು ಕೊಟ್ಟು, ಪಕ್ಕದ ಡ್ರಮ್ಮಿನಲ್ಲಿ ಹೊಸ ಸಮುದ್ರ ಕಲಸಿ, ಬಕೆಟ್ಟಿನಲ್ಲಿ ಕೆಳಗಿಳಿಸುವುದು. ನೀರು ಬದಲಿಸಿದಷ್ಟೂ ಪಾಚಿ ಹುಲುಸಾಯಿತು! ಮೇಲೆ ಗುಲಾಬಿಯೂ ಕೆಳಗೆ ಪಾಚಿಯೂ ಪೈಪೋಟಿಗೆ ಬಿದ್ದಂತೆ ಬೆಳೆದವು. ಅತ್ತೆ ಹಾಕಿದ ಪುರಿಯ ಪಾಪ ಇನ್ನೂ ಕರಗಿಲ್ಲ ಎಂದೇ ನಾನು ತೀರ್ಮಾನಿಸಿದೆ. ಬುದ್ಧಿವಂತನಿಗೆ ತಪ್ಪು ಯಾವಾಗಲೂ ಬೇರೆಯವರ ಮಡಿಲಲ್ಲೇ ಕಾಣುತ್ತದೆ.

ಕೊನೆಗೆ ಬ್ರಹ್ಮಾಸ್ತ್ರ ತರಿಸಿದೆ. ಫಾಸ್ಫೇಟನ್ನು ಹಿಡಿದು ತಳಕ್ಕೆ ಕೆಡವುವ ಒಂದು ದ್ರವ. ಹನಿ ಹನಿಯಾಗಿ, ದಿನಕ್ಕಿಷ್ಟೇ, ಬಹಳ ನಿಧಾನವಾಗಿ ಹಾಕಬೇಕೆಂದು ಬಾಟಲಿಯ ಮೇಲೆ ಅಚ್ಚು ಹಾಕಿದ್ದರು. ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ ಎಂದು ಮಕ್ಕಳಿಗೆ ಹೇಳುವವನು ನಾನೇ. ಆದರೆ ಸಿಟ್ಟು ಬಂದಿತ್ತು. ಹನಿಯಂತೆ ಹನಿ! ಇಂಥ ಪಾಚಿಗೆ ಹನಿ ಯಾವ ಲೆಕ್ಕ? ಮುಚ್ಚಳದಲ್ಲಿ ತುಂಬಿ ತುಂಬಿ ಸುರಿದೆ.

ನೋಡನೋಡುತ್ತಿದ್ದಂತೆ ಸಮುದ್ರ ಮಜ್ಜಿಗೆಯಾಯಿತು!

ಅಡುಗೆಮನೆಯಿಂದ ಬಂದ ರಾಧಾಮಣಿ ಎಷ್ಟೋ ದಿನದ ಮೇಲೆ ನೇರವಾಗಿ ನನ್ನನ್ನು ಮಾತಾಡಿಸಿದಳು. "ರೀ, ಕ್ಷೀರಸಾಗರ ಮಾಡ್ಬಿಟ್ರಲ್ಲ! ಕಡೆಯೋಕೆ ಕಡೆಗೋಲು ಕೊಡ್ಲಾ? ಲಕ್ಷ್ಮಿ ಬಂದ್ರೂ ಬರ್ಬೋದು!"

ಲಕ್ಷ್ಮಿ ಬರಲಿಲ್ಲ. ಬಿಳಿ ನೀರಿನೊಳಗಿಂದ ಕಿತ್ತಳೆ ಮೀನೊಂದು ಮೇಲೆ ಬಂದು ಬಾಯಿ ಬಾಯಿ ಬಿಟ್ಟಿತು. ಅದನ್ನು ಕಂಡದ್ದೇ ಆಕೆಯ ನಗು ಹೋಗಿ ನರ್ಸು ಎದ್ದು ನಿಂತಳು. "ಏನ್ ನಿಂತ್ಕೊಂಡಿದೀರಾ? ಮೇಲಿನ ಡ್ರಮ್ಮಿಂದ ನೀರು ತನ್ನಿ! ಬಕೆಟ್ಟು ತನ್ನಿ! ಗಾಳಿ ಪಂಪು ಕೊಡಿ!" ಎಂದು ಸೀರೆ ಎತ್ತಿ ಕಟ್ಟಿದಳು. ಮೀನು ಕಾಣುವುದಿಲ್ಲ, ಕೈ ಹಾಕಿದರೆ ಕಲ್ಲು ಸಿಗುತ್ತದೆ; ಕಲ್ಲೆಂದು ಬಿಟ್ಟರೆ ಅದು ಮೀನಾಗಿರುತ್ತದೆ. ಟೀ ಸೋಸುವ ಜಾಲರಿಯಲ್ಲಿ, ಸಾರಿನ ಸೌಟಿನಲ್ಲಿ ತಡಕಾಡಿ ಮೂರನ್ನೂ ಹಿಡಿದದ್ದು ಆಕೆಯೇ. ನಾನು ಹಿಡಿದದ್ದು ನನ್ನ ತಲೆಯನ್ನು.

ಮೀನುಗಳು ಬದುಕಿದವು. ಜೇನಮ್ಮ ಬದುಕಲಿಲ್ಲ.

ನೀರು ತಿಳಿಯಾದ ಮೇಲೆ ನೋಡಿದೆ. ಕೈಗಳೆಲ್ಲ ಮುಚ್ಚಿಕೊಂಡಿದ್ದವು. ನಾಳೆ ಬಿಚ್ಚಿಯಾವು ಎಂದು ಕಾದೆ. ಮರುದಿನ ಬಾಗಿದವು, ಆಮೇಲೆ ಬಣ್ಣ ಕಳೆದುಕೊಂಡವು, ಒಂದೊಂದಾಗಿ ಕರಗಿ ನೀರಿನಲ್ಲಿ ಎಳೆ ಎಳೆಯಾಗಿ ಹೋದವು. ಉಳಿದದ್ದು ಕಲ್ಲು. ಒಂದೇ ಏಟಿಗೆ ಆಹಾರವನ್ನೆಲ್ಲ ಕಿತ್ತುಕೊಂಡರೆ ಹವಳ ತಡೆಯಲಾರದು ಎಂದು ಆಮೇಲೆ ಓದಿದೆ. ನಾನು ಎಲ್ಲವನ್ನೂ ಆಮೇಲೆ ಓದುವವನು.

"ಡೋಸು ಅಂದ್ರೆ ಏನು ಅಂತ ನನ್ನ ಒಂದ್ಮಾತು ಕೇಳಬಾರ್ದಿತ್ತಾ? ದಿನಾ ಅದೇ ಕೆಲ್ಸ ಅಲ್ವಾ ನಂದು?" ಎಂದಳು ರಾಧಾಮಣಿ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಇಷ್ಟೆಲ್ಲ ಆಗಿ, ಮುಂದಿನ ಭಾನುವಾರ ಹೊಸ ನೀರು ಹಾಕಿ ಪರೀಕ್ಷಿಸಿದರೆ ಶೀಶೆಯಲ್ಲಿ ಮತ್ತೆ ಶಾಯಿ! ಪುರಿ ಇಲ್ಲ, ಅತ್ತೆ ಇಲ್ಲ, ಮೀನು ಅರೆಹೊಟ್ಟೆ. ಫಾಸ್ಫೇಟ್ ಎಲ್ಲಿಂದ ಬರುತ್ತಿದೆ?

ಉತ್ತರ ಸಿಕ್ಕಿದ್ದು ಎಂಟನೇ ತರಗತಿಯಲ್ಲಿ. ಅಂದು ರಸಗೊಬ್ಬರದ ಪಾಠ.

"ನಿಮ್ಮ ಹೊಲಗಳಿಗೆ ಯಾವ ಗೊಬ್ಬರ ಹಾಕ್ತಾರೆ?" ಎಂದು ಕೇಳಿದೆ.

"ಡಿಎಪಿ ಸಾ!" ಎಂದು ತರಗತಿಯೇ ಕಿರುಚಿತು.

"ಶಭಾಷ್! ಡಿಎಪಿ ಅಂದರೆ ಏನು? ಬರೆದುಕೊಳ್ಳಿ," ಎಂದು ಬೋರ್ಡಿನ ಕಡೆ ತಿರುಗಿ ಠೀವಿಯಿಂದ ಬರೆದೆ: ಡೈ ಅಮೋನಿಯಂ ಫಾ...

ಸೀಮೆಸುಣ್ಣ ಅಲ್ಲೇ ಮುರಿಯಿತು.

ಗುಲಾಬಿಗೆ ನಾನು ಪ್ರತಿ ಭಾನುವಾರ ಕೊಡುವ ಗೊಬ್ಬರ ಯಾವುದು? ಡಿಎಪಿ. ಅದನ್ನು ಕರಗಿಸುವುದು ಯಾವುದರಲ್ಲಿ? ಮಹಡಿಯ ನೀಲಿ ಮಗ್ಗಿನಲ್ಲಿ. ಆಮೇಲೆ ಅದೇ ಮಗ್ಗನ್ನು ಸುಮ್ಮನೆ ಕೊಡವಿ, ಸಮುದ್ರದುಪ್ಪು ಮೊಗೆದು ಡ್ರಮ್ಮಿಗೆ ಸುರಿಯುವವನು ಯಾರು? ಮಗ್ಗಿನ ತಳದಲ್ಲಿ ಕರಗದೆ ಉಳಿದ ಗೊಬ್ಬರವೆಲ್ಲ ಹೋಗುತ್ತಿದ್ದುದೆಲ್ಲಿಗೆ?

"ಫಾ... ಆಮೇಲೆ ಏನು ಸಾ?" ಎಂದು ಮಕ್ಕಳು ಕೇಳುತ್ತಿದ್ದರು.

ಮಧ್ಯಾಹ್ನದ ಬಿಡುವಿಗೆ ಮನೆಗೆ ಓಡಿದೆ. ಮಗ್ಗಿಗೆ ಒಂದಿಷ್ಟು ಒಳ್ಳೆಯ ನೀರು ಹಾಕಿ ಕುಲುಕಿ, ಶೀಶೆಗೆ ಹಾಕಿ, ಪುಡಿ ಬೆರೆಸಿದೆ. ನೀಲಿ ಅಲ್ಲ ಸ್ವಾಮಿ, ಶೀಶೆಯೊಳಗೆ ಅಮಾವಾಸ್ಯೆ ಇಳಿಯಿತು!

ಸಂಜೆ ರಾಧಾಮಣಿಯ ಮುಂದೆ ಮಗ್ಗು ಇಟ್ಟು ಎಲ್ಲವನ್ನೂ ಹೇಳಿದೆ. ಬಿದ್ದು ಬಿದ್ದು ನಗುತ್ತಾಳೆ ಅಂದುಕೊಂಡಿದ್ದೆ. ಆಕೆ ಮಗ್ಗನ್ನೇ ನೋಡುತ್ತ ಕೂತಳು.

"ನನಗೆ ಯಾಕ್ರೀ ಹೇಳ್ತೀರಾ? ನೀವು ಬೈದದ್ದು ನನ್ನನ್ನಲ್ಲ," ಅಂದಳು.

ಭಾನುವಾರ ಬೆಳಿಗ್ಗೆ ಗುಲಾಬಿಗಳನ್ನು ಅವುಗಳ ಪಾಡಿಗೆ ಬಿಟ್ಟು ಇಬ್ಬರೂ ಬೈಕಿನಲ್ಲಿ ವಳ್ಳೂರಿಗೆ ಹೊರಟೆವು. ಊರು ಹತ್ತಿರವಾದಂತೆ ರಸ್ತೆಯ ಎರಡೂ ಕಡೆ ಸೋಲಾರ್ ಹಲಗೆಗಳು, ಕಣ್ಣು ಹಾಯುವವರೆಗೂ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಉರು ಹೊಡೆದೆ. ಅತ್ತೆ, ವೈಜ್ಞಾನಿಕವಾಗಿ ನೋಡಿದರೆ... ಬೇಡ. ಅತ್ತೆ, ಒಂದು ಸಣ್ಣ ಅಚಾತುರ್ಯ... ಅದೂ ಬೇಡ.

ಅತ್ತೆ ಜಗಲಿಯ ಮೇಲೆ ಕಾಲು ನೀಡಿಕೊಂಡು ಕಡ್ಲೆಕಾಯಿ ಸುಲಿಯುತ್ತಿದ್ದರು. ಮಾವ ಜಯರಾಮಯ್ಯನವರು ನಮ್ಮನ್ನು ಕಂಡು ಚಾಪೆ ಹಾಸಿ, ಸಂತೆಯಿಂದ ತಂದಿದ್ದ ಪುರಿಯನ್ನು ತಟ್ಟೆಗೆ ಸುರಿದು ಮುಂದಿಟ್ಟರು.

"ತಿನ್ನಿ, ನಮ್ಮನೇಲಿ ಇದು ಖರ್ಚೇ ಆಗಲ್ಲ ಈಗ. ನಿಮ್ಮಲ್ಲಿಂದ ಬಂದಾಗ್ಲಿಂದ ಇವಳು ಪುರಿ ಮುಟ್ಟಲ್ಲ ಅಂತಾಳೆ. ಅದೇನಾಗೈತೋ ಕೇಳಿದ್ರೆ ಹೇಳಲ್ಲ," ಅಂದರು.

ಕೈಗೆತ್ತಿಕೊಂಡಿದ್ದ ಪುರಿಯನ್ನು ನಾನು ತಟ್ಟೆಗೆ ವಾಪಸ್ಸು ಹಾಕಿದೆ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೇಳಿದರು. "ಜೇನಮ್ಮ ಹೆಂಗವ್ಳೆ?"

ಉರು ಹೊಡೆದದ್ದೆಲ್ಲ ಹೋಯಿತು. "ಇಲ್ಲ ಅತ್ತೆ. ಹೋದಳು."

ಅವರ ಕೈಯಲ್ಲಿದ್ದ ಕಡ್ಲೆಕಾಯಿ ಕೆಳಗೆ ಬಿತ್ತು. ಸೆರಗನ್ನು ಕಣ್ಣಿಗೊತ್ತಿಕೊಂಡರು. "ನಾನೇ ಕಣಪ್ಪ. ನನ್ನಿಂದ್ಲೇ ಆಗಿದ್ದು. ಅವತ್ತು ಬಿತ್ತು ಅಂತ ಸುಳ್ಳು ಹೇಳ್ದೆ. ಬೀಳ್ಲಿಲ್ಲ, ನಾನೇ ಹಾಕ್ದೆ, ಒಂದೇ ಒಂದು ಕಾಳು. ದಿನಾ ಕೈ ಚಾಚ್ತಿದ್ಲು, ಬರಿಗೈಲಿ ಹೆಂಗೆ ಕಳ್ಸಾದು ಅನ್ನಿಸ್ತು. ಅದು ವಿಷ ಆಗ್ತೈತೆ ಅಂತ ನಂಗೇನು ಗೊತ್ತು? ಕೊಂದ್ಬುಟ್ನಲ್ಲ, ಪಾಪಂ."

ಇಷ್ಟು ದಿನ ಈ ಭಾರ ಹೊತ್ತುಕೊಂಡು ಅವರು ಇಲ್ಲಿ ಕೂತಿದ್ದರು. ನಾನು ಅಲ್ಲಿ ಪಾಚಿ ಉಜ್ಜುತ್ತಿದ್ದೆ.

"ಅಲ್ಲ ಅತ್ತೆ! ಒಂದು ಪುರಿಯಿಂದ ಏನೂ ಆಗಲ್ಲ! ಕೊಂದದ್ದು ನಾನು. ಪಾಚಿ ತಂದವನೂ ನಾನೇ. ನಿಮ್ಮನ್ನು ಅಂದದ್ದು ನನ್ನ ತಪ್ಪು, ದೊಡ್ಡ ತಪ್ಪು," ಎಂದು ಅವರ ಕಾಲ ಬಳಿ ಕೂತು, ಗುಲಾಬಿಯಿಂದ ಮಗ್ಗಿನವರೆಗೆ, ಮಗ್ಗಿನಿಂದ ಮಜ್ಜಿಗೆಯವರೆಗೆ ಒಂದೂ ಬಿಡದೆ ಒಪ್ಪಿಸಿದೆ.

ಅತ್ತೆ ಸೆರಗು ಇಳಿಸಿದರು. "ಡಿಎಪಿನಾ? ಕಡ್ಲೆಕಾಯಿಗೆ ಹಾಕ್ತೀವಲ್ಲ, ಆ ಡಿಎಪಿ?"

"ಹೂಂ."

"ಅದ್ನ ಸಮುದ್ರಕ್ಕೆ ಹಾಕಿದ್ರಾ?"

"ಗೊತ್ತಿಲ್ಲದೆ."

"ವಾರ ವಾರಾನೂ?"

"ವಾರ ವಾರಾನೂ."

ಮಾವನವರು ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಎದ್ದು ಹಿತ್ತಲಿಗೆ ಹೋದರು. ಅಲ್ಲಿಂದ ನಗು ಕೇಳಿಸಿತು. ಅತ್ತೆ ನಗಲಿಲ್ಲ. ನನ್ನನ್ನೇ ದಿಟ್ಟಿಸಿ ನೋಡಿದರು. ಅವರ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಮಳೆಯಲ್ಲಿ ನೆಂದ ಕರುವನ್ನು ನೋಡುವಂಥ ಕನಿಕರವಿತ್ತು. ಸುಲಿದ ಕಡ್ಲೆಕಾಯಿ ಬೀಜವನ್ನು ಒಂದು ಹಿಡಿ ನನ್ನ ಕೈಗೆ ಹಾಕಿದರು. ಆಮೇಲೆ ಮಗಳ ಕಡೆ ಬಾಗಿ, ನನಗೆ ಕೇಳಿಸದಿರಲೆಂದು ದನಿ ತಗ್ಗಿಸಿ, ಆದರೆ ಚೆನ್ನಾಗಿ ಕೇಳಿಸುವಂತೆ ಕೇಳಿದರು.

"ರಾಧಾ, ಅಳಿಯಂದ್ರು ಸ್ಕೂಲ್ನಾಗೆ ಏನು ಪಾಠ ಮಾಡ್ತಾರಮ್ಮ?"

"ವಿಜ್ಞಾನ."

ಅಳಿದುಳಿದ ಮಾನ ಉಳಿಸಿಕೊಳ್ಳಲು ನಾನು ನಡುವೆ ಬಾಯಿ ಹಾಕಿದೆ. "ಹೋದ ವರ್ಷ ನನ್ನ ವಿಷಯದಲ್ಲಿ ಒಬ್ಬರೂ ಫೇಲಾಗಿಲ್ಲ ಅತ್ತೆ! ಎಲ್ಲರೂ ಪಾಸು!"

ಅತ್ತೆ ಎರಡೂ ಕೈ ಎತ್ತಿ ಮುಗಿದರು.

"ಅಯ್ಯೋ ನನ್ನಪ್ಪಾ, ಎಂಥಾ ಬುದ್ಧಿವಂತ ಮಕ್ಳೋ ಅವು!"